ಸುಳ್ಳಿಲ್ಲದ ಟಿಪ್ಪಣಿ

ಆ ಟಿಪ್ಪಣಿಯಲ್ಲಿ ಒಂದೂ ಸುಳ್ಳಿಲ್ಲ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಸಮಾಧಾನ ಇದೊಂದೇ, ಹಾಗಾಗಿ ಅದನ್ನೇ ಮೊದಲು ಬರೆಯುತ್ತೇನೆ. ಕಾಮಗಾರಿ ಮುಗಿಸಬೇಕಿದ್ದ ದಿನಾಂಕ, ಕಳಿಸಿದ ನೋಟಿಸುಗಳು, ಸೈಟಿನಲ್ಲಿ ಒಬ್ಬ ಆಳೂ ಇರದ ವಾರಗಳು, ಲಿಂಟಲ್ ಮಟ್ಟಕ್ಕೆ ನಿಂತುಹೋದ ಗೋಡೆ, ತುಕ್ಕು ಹಿಡಿಯುತ್ತಿದ್ದ ಕಾಲಂ ಕಂಬಿ, ಎಲ್ಲವೂ ನಿಜ. ಫೋಟೊ ಸಮೇತ ಲಗತ್ತಿಸಿದ್ದೆ. ಕೊನೆಯ ಪ್ಯಾರಾದಲ್ಲಿ ಗುತ್ತಿಗೆ ರದ್ದು, ಭದ್ರತಾ ಠೇವಣಿ ಮುಟ್ಟುಗೋಲು, ಉಳಿದ ಕೆಲಸಕ್ಕೆ ‘ರಿಸ್ಕ್ ಅಂಡ್ ಕಾಸ್ಟ್’ ಮೇಲೆ, ಅಂದರೆ ಗುತ್ತಿಗೆದಾರರದೇ ಹೊಣೆ, ಖರ್ಚಿನಲ್ಲಿ ಮರುಟೆಂಡರ್, ಗುತ್ತಿಗೆದಾರರನ್ನು ಕಪ್ಪುಪಟ್ಟಿಗೆ ಸೇರಿಸಲು ಶಿಫಾರಸು. ಕೆಳಗೆ ನನ್ನ ಸಹಿ, ಮುದ್ರೆ.

ಮೇಲಿನವರು ಒಂದಕ್ಷರ ತಿದ್ದದೆ ಒಪ್ಪಿದರು. ಡ್ರಾಫ್ಟಿಂಗ್ ಚೆನ್ನಾಗಿದೆ ಎಂದು ಕಾರ್ಯಪಾಲಕ ಎಂಜಿನಿಯರ್ (ಇಇ) ಸಾಹೇಬರು ಹೊಗಳಿದರು ಕೂಡ. ಆ ಹೊಗಳಿಕೆಯಿಂದ ನನಗೆ ಖುಷಿಯಾಗಿತ್ತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬಿಡುವ ಕಲೆಯೇ ಈ ಬರಹದ ವಿಷಯವಾಗಿರುವುದರಿಂದ ಬಿಡುವುದಿಲ್ಲ.

ನಾನಾಗ ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ). ಊರಿನ ಹೆಸರು, ಇಲಾಖೆಯ ಹೆಸರು ಹೇಳುವುದಿಲ್ಲ. ಆ ಗುತ್ತಿಗೆದಾರರ ಮರ್ಯಾದೆ ಉಳಿಯಲಿ ಎಂಬುದು ಒಂದು ಕಾರಣ, ನನ್ನದೂ ಉಳಿಯಲಿ ಎಂಬುದು ಇನ್ನೊಂದು. ಯಾವುದು ದೊಡ್ಡ ಕಾರಣ ಎಂದು ಕೇಳಿದರೆ ನೆಟ್ಟಗೆ ಉತ್ತರ ಕೊಡಲಾರೆ. ಕಟ್ಟಬೇಕಿದ್ದದ್ದು ಬಾಲಕಿಯರ ಹಾಸ್ಟೆಲ್. ಗುತ್ತಿಗೆದಾರ ಮೂವತ್ತೈದು ದಾಟಿರದ ಹುಡುಗ. ಮನೆತನದಲ್ಲಿ ಲೈಸೆನ್ಸ್ ಮಾಡಿಸಿದವರಲ್ಲಿ ಮೊದಲನೆಯವರು. ಅಲ್ಲಿಯವರೆಗೆ ಚರಂಡಿ, ಸಿಸಿ ರಸ್ತೆ, ಅಂಗನವಾಡಿ ಕೋಣೆಯಂಥ ಸಣ್ಣ ಕೆಲಸ ಮಾಡಿಕೊಂಡಿದ್ದವರು. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಆಗ ಮಾತಾಡಿಸುತ್ತಿದ್ದದ್ದು ‘ಏನಪ್ಪಾ, ಬಾ ಇಲ್ಲಿ’ ಎಂದೇ. ಅದೇ ಉಪವಿಭಾಗದಲ್ಲಿ ಇನ್ನೊಬ್ಬ ದೊಡ್ಡ ಗುತ್ತಿಗೆದಾರರಿದ್ದರು, ಅವರಿಗಿಂತ ನಾನು ವಯಸ್ಸಿನಲ್ಲಿ ದೊಡ್ಡವನು. ಅವರು ಬಂದರೆ ಕುರ್ಚಿ ಎಳೆದು ‘ಬರ್ರಿ, ಕೂಡ್ರಿ’ ಎನ್ನುತ್ತಿದ್ದೆ.

ಕೆಲಸ ಹಾಳಾದದ್ದು ಪಾಯದಲ್ಲೇ.

ಆ ಸೀಮೆಯದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಕಟ್ಟಡ ಎಷ್ಟೇ ಗಟ್ಟಿಯಿದ್ದರೂ ಪಾಯ ಎರೆಯಲ್ಲೇ ಕೂತರೆ ನಾಲ್ಕು ಮಳೆಗಾಲದಲ್ಲಿ ಗೋಡೆ ಸೀಳುತ್ತದೆ. ಗಟ್ಟಿ ಮುರಂ ಸಿಗುವವರೆಗೆ ಇಳಿಯಬೇಕು, ಇಲ್ಲವೇ ಅಂಡರ್-ರೀಮ್ಡ್ ಪೈಲ್ ಹಾಕಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಇಂಥ ಮಣ್ಣಿಗಾಗಿ ರೂಪಿಸಿಕೊಟ್ಟ ವಿಧಾನ ಅದು. ಇದೆಲ್ಲ ಗೊತ್ತಿಲ್ಲದ ಎಂಜಿನಿಯರ್ ಆ ಕಡೆ ಯಾರೂ ಇಲ್ಲ. ಆದರೆ ನಮಗೆ ಬಂದದ್ದು ಎಲ್ಲ ಜಿಲ್ಲೆಗೂ ಒಂದೇ ಆದ ಮಾದರಿ ನಕ್ಷೆ, ಒಂದೇ ಆಳದ ಪಾಯ. ಅಂದಾಜುಪಟ್ಟಿ ತಯಾರಾದದ್ದೂ ಅದರ ಮೇಲೆ.

ಮೊದಲ ಗುಂಡಿಗಳನ್ನು ತೆಗೆದಾಗ ನಾನೇ ಹೋಗಿದ್ದೆ. ಅಂದಾಜಿನ ಆಳ ಮುಟ್ಟಿದರೂ ಗುಂಡಿಯ ಮಗ್ಗುಲು ಕಪ್ಪಗೆ, ಸಾಬೂನಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಆಳು ಹಾರೆ ಹಾಕಿದರೆ ಹೆಂಟೆ ಹೆಂಟೆಯಾಗಿ ಕಿತ್ತು ಬರುತ್ತಿತ್ತು, ಒಂದು ಹರಳಿಲ್ಲ. ‘ಸಾಹೇಬ್ರ, ಇನ್ನೂ ಎರೀನ ಐತ್ರಿ’ ಎಂದು ಅವರು ಕೆಳಗಿನಿಂದ ಕೂಗಿದರು. ‘ಮುರಂ ಸಿಗೋತನಕ ಇಳಿ, ಹೆಚ್ಚಿಂದು ಬಿಲ್‌ನ್ಯಾಗ ನೋಡೋಣು’ ಎಂದೆ. ಅಂದಾಜಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಆಳಕ್ಕೆ ಹೋದ ಮೇಲೆ ಹಳದಿ ಮುರಂ ಕಂಡಿತು. ಅಷ್ಟೂ ಅಗೆತ, ಅಷ್ಟೂ ಕಾಂಕ್ರೀಟು, ಅಷ್ಟೂ ಕಂಬಿ ಹೆಚ್ಚುವರಿ. ಕಿರಿಯ ಎಂಜಿನಿಯರ್ (ಜೆಇ) ಅಳತೆ ತೆಗೆದು ಅಳತೆ ಪುಸ್ತಕದಲ್ಲಿ (ಎಂ.ಬಿ.) ಬರೆದರು, ನಾನು ಚೆಕ್ ಮೆಜರ್‌ಮೆಂಟ್ ಮಾಡಿ ಸಹಿ ಹಾಕಿದೆ.

ತಾಂತ್ರಿಕವಾಗಿ ನಾನು ಹೇಳಿದ್ದು ಸರಿ, ಈಗಲೂ ಅದನ್ನೇ ಹೇಳುತ್ತೇನೆ. ಆ ಹಾಸ್ಟೆಲ್ ಇವತ್ತು ಬಿರುಕಿಲ್ಲದೆ ನಿಂತಿದೆಯೆಂದರೆ ಆ ಪಾಯದಿಂದ. ಆದರೆ ಟೆಂಡರ್ ಒಪ್ಪಂದದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಹೆಚ್ಚುವರಿ ಕೆಲಸವಾದರೆ ಲಿಖಿತ ಆದೇಶ ಬೇಕು, ಪರಿಷ್ಕೃತ ಅಂದಾಜು ಬೇಕು, ಮೇಲಿನ ಮಂಜೂರಾತಿ ಬೇಕು. ಆ ಕಡತವನ್ನು ಕಳಿಸಬೇಕಾದವನು ನಾನು. ಕಳಿಸಿದೆ, ತಡವಾಗಿ. ಆಕ್ಷೇಪಣೆ ಬಂತು. ಉತ್ತರ ಬರೆದೆ, ಅದೂ ತಡವಾಗಿ. ಮತ್ತೊಂದು ಆಕ್ಷೇಪಣೆಯಲ್ಲಿ ಮಣ್ಣು ಪರೀಕ್ಷಾ ವರದಿ ಕೇಳಿದರು.

ಇಲ್ಲಿಗೆ ಬಂದರೆ ಬರವಣಿಗೆ ನಿಧಾನವಾಗುತ್ತದೆ. ಮಣ್ಣು ಪರೀಕ್ಷೆ ಆಗಿರಲಿಲ್ಲ. ಅಂದಾಜುಪಟ್ಟಿಯ ಜೊತೆಗಿದ್ದ ಧಾರಣಾ ಸಾಮರ್ಥ್ಯದ ಅಂಕಿ ಪಕ್ಕದ ಊರಿನ ಇನ್ನೊಂದು ಕಟ್ಟಡದ ವರದಿಯಿಂದ ಎತ್ತಿದ್ದು. ನಾನು ಎತ್ತಿದ್ದಲ್ಲ, ಕೆಳಗಿನವರು ಎತ್ತಿದ್ದು. ನಾನು ನೋಡಿ ಸಹಿ ಹಾಕಿದ್ದು. ಅಥವಾ ನೋಡದೆ. ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಸೇರಿಸಬೇಕೆನಿಸುತ್ತದೆ. ನಿಜವೂ ಹೌದು, ಆದರೆ ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಆ ಆಕ್ಷೇಪಣೆ ನನ್ನ ಮೇಜಿನ ಮೇಲೆ ಬಂದ ದಿನದಿಂದ ಆ ಕಡತ ಮುಂದೆ ಹೋಗದಿರುವುದೇ ನನಗೆ ಅನುಕೂಲವಾಯಿತು. ಹಾಗೆಂದು ಕೂತು ಲೆಕ್ಕ ಹಾಕಿದೆನೆಂದಲ್ಲ. ಬೇರೆ ಕಡತಗಳು ತುರ್ತಿನವು ಎನಿಸುತ್ತಾ ಹೋದವು, ಅಷ್ಟೇ.

ಇತ್ತ ಆ ಗುತ್ತಿಗೆದಾರರು ಸಾಲಕ್ಕೆ ಬಿದ್ದರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಿತ್ತು, ಅವರು ದರ ಹಾಕಿದ್ದು ಅದಕ್ಕೂ ಮೊದಲಿನ ವ್ಯಾಟ್ ಲೆಕ್ಕದಲ್ಲಿ. ಹೊಸ ತೆರಿಗೆಯ ವ್ಯತ್ಯಾಸ ಯಾರು ಹೊರಬೇಕೆಂಬುದು ನಮಗೂ ಸ್ಪಷ್ಟವಿರಲಿಲ್ಲ. ಮರಳಿನ ಪರ್ಮಿಟ್ ಸಿಗುವುದೇ ಕಷ್ಟ, ಎಂ-ಸ್ಯಾಂಡ್ ದೂರದಿಂದ ಬರಬೇಕು. ಮಾಡಿದ ಕೆಲಸದ ಒಂದು ಪಾರ್ಟ್ ಬಿಲ್ ಕೂಡ ಹಣ ಕೊಡಲು ಬೇಕಾದ ಎಲ್‌ಒಸಿ ಬಿಡುಗಡೆಯಾಗಿಲ್ಲವೆಂದು ತಿಂಗಳುಗಟ್ಟಲೆ ಕೂತಿತು. ಕಂಬಿ ಅಂಗಡಿಯವನು ಉದ್ರಿ ನಿಲ್ಲಿಸಿದ.

ಇಷ್ಟು ಬರೆದರೆ ಅವರು ಬರೀ ಪಾಪದವರಾಗಿ ಕಾಣುತ್ತಾರೆ. ಹಾಗಿರಲಿಲ್ಲ. ಎರಡನೇ ಬಿಲ್ಲಿನ ಹಣ ಬಂದಾಗ ಅದರಲ್ಲಿ ದೊಡ್ಡ ಪಾಲು ಟಿಪ್ಪರ್ ಸಾಲದ ಕಂತಿಗೆ ಹೋಯಿತು. ನಮ್ಮ ಸೈಟಿನ ಸೆಂಟ್ರಿಂಗ್ ಶೀಟುಗಳು ಒಂದು ರಾತ್ರಿ ಪಕ್ಕದ ಊರಿನ ಖಾಸಗಿ ಕಟ್ಟಡಕ್ಕೆ ಹೋದವು. ಫೋನ್ ಎತ್ತುತ್ತಿರಲಿಲ್ಲ. ಎತ್ತಿದರೆ ನಾಳೆ ಮೇಸ್ತ್ರಿ ಬರ್ತಾನೆ ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಇವೆಲ್ಲ ಟಿಪ್ಪಣಿಯಲ್ಲಿ ಇವೆ, ದಿನಾಂಕದ ಸಮೇತ.

ಟಿಪ್ಪಣಿಯಲ್ಲಿ ಇಲ್ಲದ್ದು ಪಾಯ. ಇಲ್ಲವೆಂದರೂ ತಪ್ಪು, ಒಂದು ಸಾಲು ಇದೆ: ‘ಗುತ್ತಿಗೆದಾರರು ಸಕ್ಷಮ ಪ್ರಾಧಿಕಾರದ ಅನುಮೋದನೆ ಇಲ್ಲದೆ ನಿರ್ವಹಿಸಿದ ಹೆಚ್ಚುವರಿ ಕೆಲಸದ ಮೊತ್ತವನ್ನು ಕ್ಲೇಮ್ ಮಾಡಿರುತ್ತಾರೆ.’ ಈ ಸಾಲನ್ನು ಎಷ್ಟು ಸಲ ಓದಿದರೂ ಸುಳ್ಳು ಸಿಗುವುದಿಲ್ಲ. ಅನುಮೋದನೆ ಇರಲಿಲ್ಲ, ನಿಜ. ಕೆಲಸ ನಿರ್ವಹಿಸಿದ್ದು ಅವರು, ನಿಜ. ಕ್ಲೇಮ್ ಮಾಡಿದ್ದೂ ನಿಜ. ಗುಂಡಿಯ ದಡದಲ್ಲಿ ನಿಂತು ‘ಇಳಿ’ ಎಂದವನು ಮಾತ್ರ ವಾಕ್ಯದಲ್ಲಿಲ್ಲ.

ಕಚೇರಿಯಲ್ಲಿ ಮೂವತ್ತು ವರ್ಷ ತೆಗೆದವರಿಗೆ ಈ ವಾಕ್ಯರಚನೆ ಉಸಿರಾಟದಷ್ಟೇ ಸಲೀಸು. ‘ಆಗಿರುತ್ತದೆ’, ‘ಕಂಡುಬಂದಿರುತ್ತದೆ’, ‘ಪರಿಶೀಲಿಸಲಾಗಿ’. ಯಾರು ಕಂಡರು, ಯಾರು ಪರಿಶೀಲಿಸಿದರು ಎಂದು ಯಾರೂ ಕೇಳುವುದಿಲ್ಲ. ಸೈಟಿನಲ್ಲಿ ಹಿಂಡ್ರನ್ಸ್ ರಿಜಿಸ್ಟರ್ ಎಂದು ಇಡುವುದುಂಟು. ಕೆಲಸಕ್ಕೆ ಅಡ್ಡಿಯಾದ ಪ್ರತಿ ಕಾರಣವನ್ನೂ, ನಕ್ಷೆ ತಡ, ಜಾಗ ತಡ, ಬಿಲ್ ತಡ, ಮಳೆ, ಎಲ್ಲವನ್ನೂ ತಾರೀಖು ಹಾಕಿ ಬರೆದು ಎರಡೂ ಕಡೆಯವರು ಸಹಿ ಮಾಡಬೇಕು. ಗುತ್ತಿಗೆದಾರನ ಪಾಲಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಮ್ಮ ಸೈಟಿನ ರಿಜಿಸ್ಟರಿನಲ್ಲಿ ಕಾಮಗಾರಿಯ ಹೆಸರಿರುವ ಮೊದಲ ಪುಟ ಬಿಟ್ಟರೆ ಉಳಿದದ್ದು ಖಾಲಿ. ಅವರಿಗೆ ಹಾಗೊಂದು ಪುಸ್ತಕ ಇದೆಯೆಂದೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಟಿಪ್ಪಣಿಯಲ್ಲಿ ಬರೆದೆ: ‘ಅಡಚಣೆಗಳ ಬಗ್ಗೆ ಯಾವುದೇ ದಾಖಲೆ ಇರುವುದಿಲ್ಲ.’

ಯಾಕೆ ಹಾಗೆ ಬರೆದೆ? ಹೆದರಿಕೆ ಎಂದರೆ ಸುಲಭವಾಗಿ ಮುಗಿಯುತ್ತದೆ. ಆಡಿಟ್ ಪ್ಯಾರಾ ಆಗುತ್ತದೆ, ಮಣ್ಣು ಪರೀಕ್ಷೆಯ ವಿಚಾರ ಮೇಲೆ ಬರುತ್ತದೆ, ನಿವೃತ್ತಿ ಹತ್ತಿರದಲ್ಲಿದೆ, ಇಲಾಖಾ ವಿಚಾರಣೆ ಶುರುವಾದರೆ ಗ್ರಾಚ್ಯುಟಿ ನಿಲ್ಲುತ್ತದೆ, ಪಿಂಚಣಿಗೂ ಕುತ್ತು. ಹೆದರಿಕೆ ಇತ್ತು. ಆದರೆ ಹೆದರಿದವನು ಸಂಕಟದಿಂದ ಬರೆಯಬೇಕಲ್ಲ? ನಾನು ಬರೆದದ್ದು ಹುರುಪಿನಿಂದ.

ಆ ಹುರುಪು ಎಲ್ಲಿಂದ ಬಂತೆಂದು ಹುಡುಕಿದಾಗ ಒಂದು ತಪಾಸಣೆಯ ದಿನ ಎದುರಾಗುತ್ತದೆ. ಮೇಲಧಿಕಾರಿಗಳು ಸೈಟಿಗೆ ಬಂದಿದ್ದರು. ಹೆಚ್ಚುವರಿ ಪಾಯದ ಮಾತು ಬಂತು, ಯಾರ ಅಪ್ಪಣೆ ಎಂದು ಕೇಳಿದರು, ನಾನು ಏನೋ ತೊದಲಿದೆ. ಆಗ ಗುತ್ತಿಗೆದಾರರು ಎಲ್ಲರೆದುರು, ಸಿಟ್ಟಿನಿಂದಲ್ಲ, ನಿಜವಾದ ಆಶ್ಚರ್ಯದಿಂದ ಕೇಳಿದರು: ‘ಸಾಹೇಬ್ರ, ನೀವ ನಿಂತು ತೆಗಿಸಿದ ತೆಗ್ಗು ಅಲ್ಲೇನ್ರಿ ಅದು?’ ಯಾರೂ ಏನೂ ಹೇಳಲಿಲ್ಲ. ಮೇಲಧಿಕಾರಿ ಮುಂದಿನ ಕಾಲಂ ಕಡೆ ನಡೆದರು. ನನಗೆ ಕಿವಿ ಬಿಸಿಯಾಯಿತು. ಆ ಹುಡುಗ ಹೇಳಿದ್ದು ನಿಜವಾದ್ದರಿಂದಲೇ ನನಗೆ ಅದನ್ನು ಕ್ಷಮಿಸಲು ಆಗಲಿಲ್ಲ. ಸುಳ್ಳು ಹೇಳಿದ್ದರೆ ಬಯ್ದು ಮರೆತುಬಿಡುತ್ತಿದ್ದೆ.

ಹಾಗಾದರೆ ಅದು ಸೇಡೇ? ಅಷ್ಟು ದೊಡ್ಡದೂ ಅಲ್ಲ. ಅವರ ಫೋನ್ ಬಂದಾಗ ಎತ್ತಲು ಮನಸ್ಸಾಗದಷ್ಟು, ಅವರ ಕಡತವನ್ನು ಎಲ್ಲದರ ಕೆಳಗಿಡುವಷ್ಟು. ನೋಟಿಸಿನ ಕರಡಿನಲ್ಲಿ ‘ಸೂಚಿಸಿದೆ’ ಎಂದಿದ್ದುದನ್ನು ‘ಕಟ್ಟುನಿಟ್ಟಾಗಿ ಎಚ್ಚರಿಸಿದೆ’ ಎಂದು ಬದಲಿಸುವಷ್ಟು. ಇಂಥ ಸಣ್ಣತನಕ್ಕೆ ಯಾವ ಕಾನೂನಿನಲ್ಲೂ ಕಲಂ ಇಲ್ಲ.

ಮಕ್ಕಳಿಗಾಗಿ ಮಾಡಿದೆ ಎಂದೂ ಹೇಳಿಕೊಂಡಿದ್ದೇನೆ. ಆ ಹುಡುಗಿಯರು ಬಾಡಿಗೆ ಕಟ್ಟಡದಲ್ಲಿ, ಇಷ್ಟೇ ಇಷ್ಟು ಬಚ್ಚಲುಗಳಿಗೆ ಬೆಳಗಿನ ಜಾವದಿಂದ ಸಾಲು ಹಚ್ಚುತ್ತಿದ್ದರು. ಅವರ ವಾರ್ಡನ್ ನನ್ನ ಕಚೇರಿಗೆ ಬಂದು ಕೇಳುತ್ತಿದ್ದರು. ಹಾಸ್ಟೆಲ್ ಬೇಗ ಮುಗಿಯಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಬೇಗ ಮುಗಿಯಲು ಸುಲಭದ ದಾರಿ ಎಂದರೆ ಪಾಯದ ಬಿಲ್ ಕೊಡಿಸುವುದು. ಗುತ್ತಿಗೆ ರದ್ದು ಮಾಡಿದ್ದರಿಂದ ಆದದ್ದೇನು? ಉಳಿದ ಕೆಲಸಕ್ಕೆ ಹೊಸ ದರಪಟ್ಟಿಯ (ಎಸ್.ಆರ್.) ದರದಲ್ಲಿ ಅಂದಾಜು, ಮರುಟೆಂಡರ್, ಮೊದಲ ಕರೆಗೆ ಯಾರೂ ಬರಲಿಲ್ಲ, ಎರಡನೇ ಕರೆಗೆ ಹೆಚ್ಚಿನ ದರಕ್ಕೆ ಬಂದರು. ಹುಡುಗಿಯರು ಸಾಲಿನಲ್ಲಿ ಇನ್ನಷ್ಟು ಕಾಲ ನಿಂತರು. ಎಸ್ಸೆಸ್ಸೆಲ್ಸಿ ಮುಗಿಸಿ ಆ ಹಾಸ್ಟೆಲನ್ನು ಕಾಣದೆಯೇ ಹೋದವರೂ ಇದ್ದಾರೆ.

ಕುರ್ಚಿ ಎಳೆದುಕೊಡುತ್ತಿದ್ದೆನಲ್ಲ, ಆ ದೊಡ್ಡ ಗುತ್ತಿಗೆದಾರರ ಕಟ್ಟಡವೂ ಅದೇ ಹೊತ್ತಿಗೆ ಅರ್ಧಕ್ಕೆ ನಿಂತಿತ್ತು. ಅವರಿಗೆ ಕಾಲಾವಧಿ ವಿಸ್ತರಣೆಗೆ ಶಿಫಾರಸು ಮಾಡಿ ಬರೆದದ್ದೂ ನಾನೇ: ಅತಿವೃಷ್ಟಿ, ಮರಳಿನ ಅಭಾವ, ಅನುದಾನ ವಿಳಂಬ. ಆ ಟಿಪ್ಪಣಿಯಲ್ಲೂ ಒಂದೂ ಸುಳ್ಳಿಲ್ಲ. ಅದೇ ಮಳೆ, ಅದೇ ಮರಳು, ಅದೇ ಅನುದಾನ. ಯಾರೂ ನನಗೆ ಫೋನ್ ಮಾಡಿ ಒತ್ತಡ ಹಾಕಲಿಲ್ಲ. ಹಾಕಬಹುದು ಎಂದು ನಾನೇ ಊಹಿಸಿಕೊಂಡೆ, ಅಷ್ಟು ಸಾಕಾಯಿತು. ಇಬ್ಬರ ಜಾತಿಯೂ ನನಗೆ ಗೊತ್ತಿತ್ತು. ಅದು ನನ್ನ ಕೈ ನಡೆಸಲಿಲ್ಲ ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ಒಬ್ಬರನ್ನು ‘ರೀ’ ಎಂದು, ಒಬ್ಬರನ್ನು ‘ಏನಪ್ಪಾ’ ಎಂದು ಕರೆದವನು ಅದನ್ನು ಪ್ರಮಾಣ ಮಾಡಿ ಹೇಳಲಾರ.

ದುಡ್ಡಿನ ವಿಷಯವನ್ನೂ ಮುಗಿಸುತ್ತೇನೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40ರವರೆಗಿನ ಕಮಿಷನ್ ಬಗ್ಗೆ ದೂರಿದಾಗ ರಾಜ್ಯವೆಲ್ಲ ಅದೇ ಮಾತಾಗಿತ್ತು. ನಿವೃತ್ತನಾಗಿದ್ದ ನಾನು ಮನೆಯಲ್ಲಿ ಪೇಪರ್ ಓದುತ್ತಾ, ನಾನಂತೂ ಒಂದು ರೂಪಾಯಿ ಕೇಳಿದವನಲ್ಲ ಎಂದು ಹೆಂಡತಿಗೆ ಹೇಳಿದೆ. ಕೇಳಿಲ್ಲ, ನಿಜ. ಬಿಲ್ ಪಾಸಾದಾಗ ಸೆಕ್ಷನ್ನಿನಿಂದ ಹಂಚಿಕೆಯಾಗುತ್ತಿದ್ದುದು ನನ್ನ ಡ್ರಾಯರಿಗೂ ಬರುತ್ತಿತ್ತು, ಬೇಡ ಎಂದಿಲ್ಲ. ಇಲ್ಲೂ ನೋಡಿ, ವಾಕ್ಯ ಸುಳ್ಳಲ್ಲ.

ಇನ್ನೊಂದು ಸಂಗತಿ ಇದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಕಪ್ಪುಪಟ್ಟಿಗೆ ಸೇರಿಸುವ ಮೊದಲು ವಿವರಣೆಗೆ ಅವಕಾಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1970ರ ದಶಕದ ಎರುಸಿಯನ್ ಪ್ರಕರಣದಲ್ಲೇ ಹೇಳಿದೆ. 2014ರ ಗೋರ್ಖಾ ಸೆಕ್ಯುರಿಟಿ ತೀರ್ಪಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದ್ದರೆ ಅದು ಕಾರಣ ಕೇಳುವ ನೋಟಿಸಿನಲ್ಲಿಯೇ ಗೊತ್ತಾಗುವಂತಿರಬೇಕು ಎಂದಿದೆ. ಮನುಷ್ಯನ ವ್ಯವಹಾರವನ್ನೇ ಕೊಲ್ಲುವ ಶಿಕ್ಷೆ ಅದು, ಬರುತ್ತಿದೆಯೆಂದು ತಿಳಿದರಲ್ಲವೇ ಆತ ಅದಕ್ಕೆ ತಕ್ಕ ಉತ್ತರ ಕೊಡುವುದು? ನಾನು ಕಳಿಸಿದ್ದು ಹಳೆಯ ನಮೂನೆ. ಅದರಲ್ಲಿ ಇದ್ದದ್ದು ‘ನಿಯಮಾನುಸಾರ ಕ್ರಮ ಜರುಗಿಸಲಾಗುವುದು’ ಎಂದಷ್ಟೇ. ಕಡತ ಮೇಲೆ ಹೋದ ಮೇಲೆ, ಆದೇಶ ಬರುವ ಮುನ್ನ, ಬೇರೆ ವಿಭಾಗದ ಗೆಳೆಯನೊಬ್ಬ ಮಾತಿನ ನಡುವೆ ಹೇಳಿದ, ಅವನ ಒಂದು ಆದೇಶ ಹೈಕೋರ್ಟಿನಲ್ಲಿ ಇದೇ ಕಾರಣಕ್ಕೆ ಬಿದ್ದುಹೋಯಿತೆಂದು. ಹೊಸ ನೋಟಿಸ್ ಕೊಡಿಸಬಹುದಿತ್ತು. ಕೊಟ್ಟರೆ ಅವರು ವಕೀಲರ ಹತ್ತಿರ ಹೋಗುತ್ತಾರೆ, ವಕೀಲರು ಎಂ.ಬಿ. ನಕಲು ಕೇಳುತ್ತಾರೆ. ಸುಮ್ಮನಿದ್ದೆ.

ಆದೇಶವಾಯಿತು, ಮೂರು ವರ್ಷ. ಮೂರೇ ವರ್ಷ ಎನಿಸಬಹುದು. ಆದರೆ ಪ್ರತಿ ಟೆಂಡರಿನಲ್ಲೂ ತಾನು ಕಪ್ಪುಪಟ್ಟಿಯಲ್ಲಿಲ್ಲ ಎಂದು ಅಫಿಡವಿಟ್ ಕೊಡಬೇಕು. ಒಂದು ಇಲಾಖೆಯ ಆದೇಶ ಎಲ್ಲ ಇಲಾಖೆಯ ಬಾಗಿಲನ್ನೂ ಹಾಕುತ್ತದೆ. ಬ್ಯಾಂಕಿನವರು ಗ್ಯಾರಂಟಿ ಕೊಡುವುದಿಲ್ಲ. ಅವರು ಟಿಪ್ಪರ್ ಮಾರಿದರು.

ಅವರನ್ನು ಮತ್ತೆ ನೋಡಿದ್ದು ಬೇರೊಂದು ತಾಲ್ಲೂಕಿನ ಶಾಲಾ ಕೋಣೆಯ ಸೈಟಿನಲ್ಲಿ. ಇನ್ನೊಬ್ಬರ ಲೈಸೆನ್ಸ್ ಮೇಲೆ ಕೆಲಸ ಮಾಡಿಸುತ್ತಿದ್ದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಏರ್ಪಾಡು: ಲೈಸೆನ್ಸ್ ಇರುವವನಿಗೆ ಒಂದಿಷ್ಟು ಪರ್ಸೆಂಟ್, ನಷ್ಟವೆಲ್ಲ ದುಡಿಯುವವನಿಗೆ. ‘ನಮಸ್ಕಾರ್ರಿ ಸಾಹೇಬ್ರ, ಚಾ ತರಸ್ಲೇನ್ರಿ’ ಎಂದರು. ಕುಡಿದೆ. ಮನೆಗೆ ಬರುವಾಗ, ಪರವಾಗಿಲ್ಲ, ಹೇಗೋ ಬದುಕಿಕೊಂಡಿದ್ದಾನೆ ಎಂದು ಹಗುರವಾಯಿತು. ಯಾವ ಹಗುರ ಅದು ಎಂದು ಆಮೇಲೆ ಯೋಚಿಸಿದ್ದೇನೆ. ಆತ ನನ್ನ ಮೇಲೆ ಸಿಟ್ಟಾಗಿಲ್ಲ ಎಂದು ಹಗುರವಾದದ್ದಲ್ಲ. ಆತನಿಗೆ ಟಿಪ್ಪಣಿಯಲ್ಲಿ ಏನಿತ್ತೆಂಬುದು ಇನ್ನೂ ಗೊತ್ತಿಲ್ಲ ಎಂಬುದಕ್ಕೆ. ಮೇಲಿನವರು ಮಾಡಿದ್ದೆಂದೇ ಅವರು ತಿಳಿದಿದ್ದರು. ‘ನೀವೇನ್ ಮಾಡ್ತೀರಿ ಬಿಡ್ರಿ’ ಎಂದು ನನ್ನನ್ನೇ ಸಮಾಧಾನ ಮಾಡಿದರು. ಆ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೆಂದು ನಾನು ಆಗಲೂ ಹೇಳಲಿಲ್ಲ. ಪಟ್ಟಿಯ ಅವಧಿ ಆಗಿನ್ನೂ ಮುಗಿದಿರಲಿಲ್ಲ.

ಅರ್ಧಕ್ಕೆ ಬಿಟ್ಟು ಹೋಗುವ ಗುತ್ತಿಗೆದಾರರ ಮೇಲೆ ಕ್ರಮವೇ ಬೇಡವೆಂದು ನಾನು ಹೇಳುತ್ತಿಲ್ಲ. ಮಾಡಿದ ಕೆಲಸಕ್ಕಿಂತ ಹೆಚ್ಚು ಬಿಲ್ ಎತ್ತಿಕೊಂಡು ಮಾಯವಾದವರನ್ನು ಕಂಡಿದ್ದೇನೆ, ಅಂಥವರ ಮೇಲೆ ಬರೆದ ಟಿಪ್ಪಣಿಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಈ ಪ್ರಕರಣದಲ್ಲೂ ಸೆಂಟ್ರಿಂಗ್ ಸಾಗಿಸಿದ್ದಕ್ಕೆ, ಕೆಲಸ ನಿಲ್ಲಿಸಿದ್ದಕ್ಕೆ ದಂಡ ಹಾಕಿದ್ದರೆ ಸರಿಯಿತ್ತು. ಕಪ್ಪುಪಟ್ಟಿ ಸರಿಯಲ್ಲ. ಇದನ್ನು ನಾನು ಈಗ ತೀರ್ಪಿನಂತೆ ಹೇಳುತ್ತಿದ್ದೇನೆ. ಆಗ ಹೇಳಬೇಕಾದ ಜಾಗದಲ್ಲಿ, ಆ ಕುರ್ಚಿಯಲ್ಲಿ, ಇದ್ದವನೂ ನಾನೇ.

ಹೆಚ್ಚುವರಿ ಪಾಯದ ಹಣ ಅವರಿಗೆ ಸಿಗಲಿಲ್ಲ. ಮಾಡಿದ ಕೆಲಸದ ಬಾಕಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆಯಲ್ಲಿರುವ ಅವಧಿ ಮೂರು ವರ್ಷ, ಅದು ಮುಗಿದು ಬಹಳ ದಿನವಾಯಿತು. ನನ್ನದೂ ಒಂದು ಅವಧಿ ಇದೆ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದ ಪ್ರಕಾರ, ನಿವೃತ್ತನಾದ ನೌಕರನ ಮೇಲೆ ನಾಲ್ಕು ವರ್ಷಕ್ಕಿಂತ ಹಿಂದಿನ ಘಟನೆಗಾಗಿ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡುವಂತಿಲ್ಲ. ಆ ನಾಲ್ಕು ವರ್ಷವೂ ದಾಟಿದೆ. ಇಷ್ಟೆಲ್ಲ ಒಪ್ಪಿಕೊಂಡು ಬರೆಯುತ್ತಿರುವುದು ಅದು ದಾಟಿದ ಮೇಲೆ ಎಂಬುದನ್ನೂ ಓದುವವರು ಲೆಕ್ಕಕ್ಕೆ ಹಿಡಿಯಬೇಕು.